ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಾದ ಲ್ಯಾಪ್‌ಟಾಪ್

ಮೇ ತಿಂಗಳಲ್ಲಿ ರಬಕವಿ-ಬನಹಟ್ಟಿ ಕಡೆ ಲ್ಯಾಪ್‌ಟಾಪ್ ಕಾಯ್ದರೆ ಎಲ್ಲರೂ ಮೊದಲು ದೂರುವುದು ಬಿಸಿಲನ್ನು. ಬಿಸಿಲಿನ ಪಾಲು ಇದ್ದೇ ಇದೆ. ಹಲವು ಕಂಪನಿಗಳು ತಮ್ಮ ಲ್ಯಾಪ್‌ಟಾಪನ್ನು 35 ಡಿಗ್ರಿವರೆಗಿನ ಕೋಣೆಯಲ್ಲಿ ಬಳಸಿ ಎನ್ನುತ್ತವೆ. ನಮ್ಮಲ್ಲಿ ತಗಡಿನ ಮನೆಯೊಳಗೆ ಮಧ್ಯಾಹ್ನ 39-40 ಸಾಮಾನ್ಯ. ಆದರೂ ಲೆಕ್ಕ ಹಾಕಿ ನೋಡಿ. ಕೋಣೆಯ ಬಿಸಿ ಹತ್ತು ಡಿಗ್ರಿ ಏರಿದರೆ ಪ್ರೊಸೆಸರಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಚಳಿಗಾಲದಲ್ಲಿ ದುಡಿಯುವಾಗ 70 ಡಿಗ್ರಿ ತೋರಿಸುವ ಯಂತ್ರ ಬೇಸಿಗೆಯಲ್ಲಿ 80-85 ತೋರಿಸಬೇಕು. ಅದು 98ಕ್ಕೆ ಹೋಗಿ ಕೆಲಸವೇ ನಿಂತಂತಾದರೆ ತಪ್ಪು ಬಿಸಿಲಿನದಲ್ಲ, ಒಳಗಿನ ಬಿಸಿ ಹೊರಗೆ ಹೋಗುತ್ತಿಲ್ಲ.

ಬನಹಟ್ಟಿಯ ನೇಕಾರರ ಮನೆಯೊಂದರಲ್ಲಿ ಒಂದು ಮಧ್ಯಾಹ್ನ ಬಿಚ್ಚಿದ ಲ್ಯಾಪ್‌ಟಾಪಿನಲ್ಲಿ ಇದೆಲ್ಲ ಸ್ಪಷ್ಟವಾಗಿ ಕಂಡಿತು. ಎಂಟನೇ ತಲೆಮಾರಿನ ಇಂಟೆಲ್ ಐ5, 15 ವ್ಯಾಟಿನ ಪ್ರೊಸೆಸರ್. ಮನೆಯ ಹುಡುಗ ಅದರ ಮೇಲೆ ಸೀರೆಯ ಅಂಚು, ಸೆರಗಿನ ಡಿಸೈನ್ ಮಾಡುತ್ತಾನೆ. ಗೋಡೆಯಾಚೆ ಪವರ್‌ಲೂಮ್‌ಗಳು ನಡೆಯುತ್ತಿರುತ್ತವೆ. ಆ ಸದ್ದಿನಲ್ಲಿ ಲ್ಯಾಪ್‌ಟಾಪಿನ ಫ್ಯಾನ್ ಕಿರುಚಿದರೂ ಕೇಳಿಸುವುದಿಲ್ಲ. ಬೇರೆ ಮನೆಗಳಲ್ಲಿ ಮೊದಲು ಎಚ್ಚರಿಸುವುದೇ ಫ್ಯಾನಿನ ಸದ್ದು. ಇಲ್ಲಿ ಆ ಎಚ್ಚರಿಕೆ ಯಾರಿಗೂ ಸಿಕ್ಕಿರಲಿಲ್ಲ.

"ಫ್ಯಾನ್ ತಿರಗತೈತ್ರಿ ಅಣ್ಣಾರ, ಗಾಳಿನ ಬರವಲ್ದು" ಎಂದ ಹುಡುಗ. ಈ ಒಂದು ಮಾತಿನಲ್ಲೇ ಅರ್ಧ ಪರೀಕ್ಷೆ ಮುಗಿದಿತ್ತು. ಫ್ಯಾನ್ ತಿರುಗುತ್ತಿದ್ದು, ಗಾಳಿ ಹೊರಡುವ ಜಾಲರಿಯ ಮುಂದೆ ಅಂಗೈ ಹಿಡಿದರೆ ಬಿಸಿಗಾಳಿ ತಾಗದಿದ್ದರೆ ದಾರಿ ಕಟ್ಟಿದೆ. ಗಾಳಿ ಜೋರಾಗಿ ಬರುತ್ತಿದ್ದು, ಅದು ಬಿಸಿಯೇ ಇರದೆ ಪ್ರೊಸೆಸರ್ ಮಾತ್ರ ಕಾಯುತ್ತಿದ್ದರೆ ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ, ಅಂದರೆ ಹೀಟ್‌ಸಿಂಕ್, ಸರಿಯಾಗಿ ಕೂತಿಲ್ಲ, ಇಲ್ಲವೆ ಅವೆರಡರ ನಡುವೆ ಬಿಸಿ ದಾಟಿಸಲು ಹಚ್ಚಿದ ಪೇಸ್ಟ್ ಒಣಗಿದೆ. ಎರಡರ ಮದ್ದು ಬೇರೆ ಬೇರೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಇಷ್ಟನ್ನು ನೋಡಿಕೊಳ್ಳಬೇಕು.

ಅಂಕಿಗಳನ್ನೂ ಬಿಚ್ಚುವ ಮೊದಲೇ ಬರೆದಿಡಬೇಕು, ಇಲ್ಲದಿದ್ದರೆ ಆಮೇಲೆ ಎಷ್ಟು ಸುಧಾರಿಸಿತು ಎಂಬುದು ಬರೀ ಅಂದಾಜಾಗುತ್ತದೆ. ಒಳಗಿನ ಬಿಸಿ ಎಷ್ಟೆಂದು ನೋಡಲು ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೊ ಅಥವಾ ಕೋರ್ ಟೆಂಪ್ ಎಂಬ ಪ್ರೋಗ್ರಾಮ್, ಲಿನಕ್ಸ್‌ನಲ್ಲಿ ಸೆನ್ಸರ್ಸ್ ಕಮಾಂಡ್ ಸಾಕು. ಕೋಣೆ 39 ಡಿಗ್ರಿ ಇದ್ದಾಗ ಈ ಯಂತ್ರ ಸುಮ್ಮನೆ ಕೂತರೂ 68 ತೋರಿಸುತ್ತಿತ್ತು. ಡಿಸೈನ್ ಫೈಲ್ ತೆರೆದು ಕೆಲಸ ಕೊಟ್ಟ ಒಂದು ನಿಮಿಷದೊಳಗೆ 98. ಈ ಪ್ರೊಸೆಸರಿನ ಮಿತಿ 100 ಡಿಗ್ರಿ. ಅದರ ಹತ್ತಿರ ಬಂದ ಕೂಡಲೇ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. 3.4 ಗಿಗಾಹರ್ಟ್ಜ್‌ವರೆಗೆ ಓಡಬಲ್ಲದ್ದು 1.2ಕ್ಕೆ ಇಳಿದು ಕೂತಿತ್ತು. ಹುಡುಗ ಇದನ್ನು ವೈರಸ್ ಎಂದುಕೊಂಡು ವಿಂಡೋಸನ್ನು ಹೊಸದಾಗಿ ಹಾಕಿಸಿದ್ದ. ಬಿಸಿಯಿಂದ ಬರುವ ನಿಧಾನವನ್ನು ಸಾಫ್ಟ್‌ವೇರಿನ ತಪ್ಪೆಂದು ತಿಳಿಯುವವರು ಬಹಳ.

ಅದಕ್ಕೂ ಮೊದಲು ಒಂದು ಅಂಗಡಿಯಲ್ಲಿ ಹೊರಗಿನ ಜಾಲರಿಗೆ ಬ್ಲೋವರ್ ಹಿಡಿದು ಗಾಳಿ ಹೊಡೆದು ಕಳಿಸಿದ್ದರು. ಒಂದು ವಾರ ಚೆನ್ನಾಗಿತ್ತು, ಮತ್ತೆ ಮೊದಲಿನ ಹಾಗೆ. ಹೀಗೇಕೆ ಆಗುತ್ತದೆ ಎಂಬುದು ಮುಚ್ಚಳ ತೆಗೆದಾಗ ಗೊತ್ತಾಗುತ್ತದೆ.

ಚಾರ್ಜರ್ ತೆಗೆದು, ಪೂರ್ತಿ ಆಫ್ ಮಾಡಿ, ಬುಡದ ಸ್ಕ್ರೂಗಳನ್ನು ಸೊನ್ನೆ ನಂಬರಿನ ಪ್ಲಸ್ ಸ್ಕ್ರೂಡ್ರೈವರಿನಿಂದ ಬಿಚ್ಚಬೇಕು. ಕೆಲವು ಮಾಡೆಲ್‌ಗಳಲ್ಲಿ ಹಿಂದಿನ ರಬ್ಬರ್ ಪಾದದ ಕೆಳಗೂ ಸ್ಕ್ರೂ ಅಡಗಿರುತ್ತವೆ. ಎಲ್ಲ ಬಿಚ್ಚಿದ ಮೇಲೂ ಮುಚ್ಚಳ ಒಂದು ಕಡೆ ಏಳದಿದ್ದರೆ ಎಳೆಯಬಾರದು, ಅಲ್ಲೊಂದು ಸ್ಕ್ರೂ ಉಳಿದಿದೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಕಾಗದದ ಮೇಲೆ ಲ್ಯಾಪ್‌ಟಾಪಿನ ಚೌಕ ಬರೆದು, ಯಾವ ಮೂಲೆಯದು ಆ ಮೂಲೆಯಲ್ಲೇ ಇಡುವುದು ಒಳ್ಳೆಯದು. ಉದ್ದದ್ದನ್ನು ಗಿಡ್ಡದರ ತೂತಿಗೆ ಹಾಕಿ ಬಿಗಿದರೆ ಕೀಬೋರ್ಡಿನ ಕಡೆ ಉಬ್ಬು ಬರುತ್ತದೆ, ಇಲ್ಲವೆ ಬೋರ್ಡಿಗೆ ಪೆಟ್ಟಾಗುತ್ತದೆ. ಅಂಚು ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರಿನ ತುದಿ ಒಳಗೆ ತೂರಿಸಿದರೆ ಪ್ಲಾಸ್ಟಿಕ್ ಕೊಕ್ಕೆಗಳು ಮುರಿಯುತ್ತವೆ.

ಮುಚ್ಚಳ ಬಂದ ಕೂಡಲೇ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ತೆಗೆಯುವುದು. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಬೇಕು. ಬ್ಯಾಟರಿ ಉಬ್ಬಿದೆಯೇ ಎಂದೂ ಇಲ್ಲೇ ನೋಡಬೇಕು. ಸದಾ ಕಾದಿರುವ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಬೇಗ ಹಾಳಾಗುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಕೆಳಗೆ ಬ್ಯಾಟರಿ ಉಬ್ಬಿದೆಯೆಂದೇ ಅನುಮಾನಿಸಬೇಕು. ಉಬ್ಬಿದ್ದನ್ನು ಒತ್ತಿ ಕೂರಿಸುವುದು, ಚುಚ್ಚುವುದು ಖಂಡಿತ ಬೇಡ, ಬೆಂಕಿ ಹತ್ತಬಹುದು. ಈ ಮನೆಯ ಬ್ಯಾಟರಿ ಸಪಾಟಾಗಿಯೇ ಇತ್ತು.

ಫ್ಯಾನಿನ ವೈರ್ ತೆಗೆಯುವಾಗ ವೈರನ್ನು ಹಿಡಿದು ಜಗ್ಗಬಾರದು. ಉಗುರಿನಿಂದ ಬಿಳಿ ಕನೆಕ್ಟರಿನ ಎರಡೂ ಕಿವಿ ಒತ್ತಿ ಸ್ವಲ್ಪ ಸ್ವಲ್ಪವೇ ಹೊರಗೆ ಜರುಗಿಸಬೇಕು. ಈ ಯಂತ್ರದ ಫ್ಯಾನಿಗೆ ಬೇರೆಯೇ ಸ್ಕ್ರೂಗಳಿದ್ದವು, ಹೀಟ್‌ಸಿಂಕ್ ಮುಟ್ಟದೆ ಫ್ಯಾನ್ ಮಾತ್ರ ಎತ್ತಬಹುದಿತ್ತು. ಎತ್ತಿದರೆ ಎದುರಿಗೆ ಹೀಟ್‌ಸಿಂಕಿನ ತಾಮ್ರದ ರೆಕ್ಕೆಗಳೇ ಕಾಣಲಿಲ್ಲ. ಅವುಗಳ ಇಡೀ ಉದ್ದಕ್ಕೆ ಕಂಬಳಿಯ ಅಂಚಿನಂಥ ಒಂದು ಪಟ್ಟಿ, ಎರಡು ಮಿಲಿಮೀಟರ್ ದಪ್ಪ. ಚಿಮಟದಿಂದ ಒಂದು ತುದಿ ಹಿಡಿದರೆ ತುಂಡಾಗದೆ ಪೂರ್ತಿ ಎದ್ದುಬಂತು. ಬೆಳಕಿಗೆ ಹಿಡಿದರೆ ಬೂದು ಬಣ್ಣದ ನಡುವೆ ಕೆಂಪು, ಹಸಿರು ಎಳೆಗಳು. ಆ ಸಲ ಮಗ್ಗದ ಮೇಲಿದ್ದ ಸೀರೆಗಳ ಬಣ್ಣ.

ಮಗ್ಗದ ಮನೆಯ ದೂಳು ರಸ್ತೆಯ ದೂಳಲ್ಲ. ರಸ್ತೆಯ ಮಣ್ಣಿನ ಕಣ ಬಹಳ ಸಣ್ಣದು, ಬಹುಪಾಲು ರೆಕ್ಕೆಗಳ ನಡುವೆ ತೂರಿ ಹೊರಗೆ ಹೋಗುತ್ತದೆ. ನೂಲಿನ ಜುಂಗು ಉದ್ದ ಎಳೆ. ರೆಕ್ಕೆಗಳ ನಡುವಿನ ಸಂದು ಒಂದು ಮಿಲಿಮೀಟರಿನ ಆಸುಪಾಸು. ಎಳೆ ಅಲ್ಲಿ ಅಡ್ಡ ಬೀಳುತ್ತದೆ, ಅದರ ಮೇಲೆ ಇನ್ನೊಂದು, ಆಮೇಲೆ ಮಣ್ಣೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಾಸಿನ ನೂಲಿಗೆ ಹಚ್ಚಿದ ಗಂಜಿ ಲಾಳಿ ಓಡುವಾಗ ಪುಡಿಯಾಗಿ ಉದುರುತ್ತದೆ, ಅದೂ ಈ ಪಟ್ಟಿಯಲ್ಲಿ ಸೇರುತ್ತದೆ. ಈ ಪಟ್ಟಿ ಬೆಳೆಯುವುದು ಫ್ಯಾನಿಗೂ ರೆಕ್ಕೆಗೂ ನಡುವೆ, ಅಂದರೆ ಒಳಮೈಯಲ್ಲಿ. ಹೊರಗಿನಿಂದ ಗಾಳಿ ಹೊಡೆದರೆ ಅದು ಹಿಂದಕ್ಕೆ ಸರಿದು ಫ್ಯಾನಿನ ಡಬ್ಬಿಯೊಳಗೆ ಬೀಳುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಫ್ಯಾನ್ ಶುರುವಾದ ಮೇಲೆ ಮತ್ತೆ ಅದೇ ಜಾಗಕ್ಕೆ ತಂದು ಅಂಟಿಸುತ್ತದೆ. ಒಂದು ವಾರದ ಆರಾಮಕ್ಕೆ ಇದೇ ಕಾರಣ. ಗಾಳಿ ಹೊಡೆಯಲೇಬೇಕಿದ್ದರೆ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಬೇಕು. ಬಿಟ್ಟರೆ ಅದು ತನ್ನ ವೇಗ ಮೀರಿ ತಿರುಗಿ ಬೇರಿಂಗ್ ಸವೆಯುತ್ತದೆ.

ಪಟ್ಟಿ ತೆಗೆದ ಮೇಲೆ ಫ್ಯಾನಿನ ರೆಕ್ಕೆಗಳನ್ನು ಮೆತ್ತನೆ ಬ್ರಷ್‌ನಿಂದ ಒಂದೊಂದಾಗಿ ಒರೆಸಿ, ಬೆರಳಿನಿಂದ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗಿ ನಿಧಾನಕ್ಕೆ ನಿಂತರೆ ಸರಿ. ಗರಗರ ಎಂದರೆ ಅಥವಾ ಅಕ್ಷ ಅಲುಗಾಡಿದರೆ ಫ್ಯಾನನ್ನೇ ಬದಲಿಸುವುದು ವಾಸಿ, ಹೊಲಿಗೆ ಮಷಿನಿನ ಎಣ್ಣೆ ಬಿಡುವುದರಿಂದ ಕೆಲವೇ ದಿನ ತಳ್ಳಬಹುದು.

ಪೇಸ್ಟ್ ವಿಷಯಕ್ಕೆ ಬಂದರೆ, ಯಾವ ಕಂಪನಿಯದು ಎಂದು ಜನ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಸಾಧಾರಣ ಒಳ್ಳೆಯ ಪೇಸ್ಟಿಗೂ ದುಬಾರಿಯದಕ್ಕೂ ಕೆಲವೇ ಡಿಗ್ರಿ ಅಂತರ. ಅದಕ್ಕಿಂತ ಮುಖ್ಯ ಹಚ್ಚುವ ರೀತಿ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಎಂದು ಕೊರೆದಿರುತ್ತದೆ. ಬಿಚ್ಚುವುದು ನಾಲ್ಕರಿಂದ ಒಂದಕ್ಕೆ, ಬಿಗಿಯುವುದು ಒಂದರಿಂದ ನಾಲ್ಕಕ್ಕೆ, ಅದೂ ಒಂದೇ ಸಲಕ್ಕಲ್ಲ, ಸರದಿಯಂತೆ ಸ್ವಲ್ಪ ಸ್ವಲ್ಪ. ಒಂದು ಮೂಲೆ ಮೊದಲೇ ಬಿಗಿದರೆ ಪ್ರೊಸೆಸರಿನ ಬರಿಯ ಗಾಜಿನಂಥ ಮೈ ಚಕ್ಕೆ ಏಳಬಹುದು. ಹಳೆಯ ಪೇಸ್ಟ್ ಒರೆಸಲು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಸ್ಯಾನಿಟೈಸರ್ ಬೇಡ, ಗ್ಲಿಸರಿನ್ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ನಡುವೆ ಒಂದು ಜೋಳದ ಕಾಳಿನಷ್ಟು ಪೇಸ್ಟ್. ಪ್ರೊಸೆಸರ್ ಉದ್ದ ಇದ್ದರೆ ಅಷ್ಟನ್ನೇ ಗೆರೆಯಾಗಿ ಎಳೆಯಬೇಕು. ಪಕ್ಕದ ಚಿಪ್‌ಗಳ ಮೇಲಿನ ಮೆತ್ತನೆ ಪ್ಯಾಡ್ ಹರಿದಿದ್ದರೆ ಅಷ್ಟೇ ದಪ್ಪದ ಹೊಸ ಪ್ಯಾಡ್ ಹಾಕಬೇಕು, ಅದರ ಜಾಗಕ್ಕೆ ಪೇಸ್ಟ್ ತುಂಬಿದರೆ ಆ ಸಂದು ತುಂಬುವುದಿಲ್ಲ. ಹೀಟ್‌ಸಿಂಕಿನ ತಾಮ್ರದ ಕೊಳವೆಯನ್ನು ಮಣಿಸಬಾರದು. ಅದರೊಳಗೆ ಮೊಹರು ಮಾಡಿದ ಸ್ವಲ್ಪ ದ್ರವ ಆವಿಯಾಗಿ, ಮತ್ತೆ ದ್ರವವಾಗಿ ಬಿಸಿಯನ್ನು ಹೊರುತ್ತದೆ. ಕೊಳವೆ ಮಡಚಿದರೆ ಆ ಓಡಾಟ ನಿಲ್ಲುತ್ತದೆ.

ಎಲ್ಲ ಜೋಡಿಸಿ ಅದೇ ಫೈಲ್ ತೆರೆದಾಗ, ಅದೇ 39 ಡಿಗ್ರಿ ಕೋಣೆಯಲ್ಲಿ, ಸುಮ್ಮನಿದ್ದಾಗ 51, ದುಡಿಯುವಾಗ 81. ವೇಗ 2.5 ಗಿಗಾಹರ್ಟ್ಜ್‌ನ ಕೆಳಗೆ ಇಳಿಯಲಿಲ್ಲ. "ಈಗ ಕೈ ಸುಡಾಕತೈತ್ರಿ ಗಾಳಿ" ಎಂದ ಹುಡುಗ. ಸುಡಲೇಬೇಕು. ಒಳಗೆ ಉಳಿಯುತ್ತಿದ್ದ ಬಿಸಿ ಹೊರಗೆ ಬರುತ್ತಿದೆ.

ಬಳಸುವ ರೀತಿಯೂ ಬದಲಾಗಬೇಕಿತ್ತು. ಹುಡುಗ ಕೌದಿಯ ಮೇಲೆ ಕೂತು ಅದರ ಮೇಲೇ ಲ್ಯಾಪ್‌ಟಾಪ್ ಇಡುತ್ತಿದ್ದ. ಗಾಳಿ ಒಳಗೆ ಹೋಗುವ ಕಿಂಡಿ ಬುಡದಲ್ಲಿದೆ, ಕೌದಿ ಅದನ್ನು ಪೂರ್ತಿ ಮುಚ್ಚುತ್ತದೆ, ಮೇಲಾಗಿ ಅದರ ಎಳೆಗಳೂ ಒಳಗೆ ಸೇರುತ್ತವೆ. ಅಗಲವಾದ ಮಣೆ ಇಟ್ಟು, ಹಿಂದಿನ ಅಂಚಿಗೆ ಎರಡು ಮೂರು ಸೆಂಟಿಮೀಟರ್ ಎತ್ತರದ ಕಟ್ಟಿಗೆ ತುಂಡು ಕೊಟ್ಟರೆ ಸಾಕು. ಕೂಲರ್ ಇದ್ದರೆ ಕೋಣೆಗೆ ಬಿಡಬಹುದು, ಅದರ ಬಾಯಿಗೇ ಲ್ಯಾಪ್‌ಟಾಪ್ ಇಡಬಾರದು. ನೀರಿನ ಹನಿಯೂ ತೇವವೂ ಒಳಗೆ ಹೋಗುತ್ತವೆ. ದೂಳು ತಡೆಯಲೆಂದು ಬುಡದ ಕಿಂಡಿಗೆ ಬಟ್ಟೆ ಅಂಟಿಸುವವರಿದ್ದಾರೆ. ಆ ಬಟ್ಟೆಯೇ ಜುಂಗು ಹಿಡಿದು ಕೆಲವು ದಿನಗಳಲ್ಲಿ ಗಾಳಿ ನಿಲ್ಲಿಸುತ್ತದೆ.

ಹಗಲಿನ ಉರಿಯಲ್ಲಿ ದುಡಿಯಲೇಬೇಕಾದಾಗ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99 ಮಾಡಿದರೆ ಸಾಮಾನ್ಯವಾಗಿ ಟರ್ಬೊ, ಅಂದರೆ ಮೂಲ ವೇಗ ಮೀರಿ ಓಡುವುದು, ನಿಲ್ಲುತ್ತದೆ, ಬಿಸಿ ಚೆನ್ನಾಗಿ ಇಳಿಯುತ್ತದೆ. ಕೆಲಸ ಸ್ವಲ್ಪ ತಡವಾಗುತ್ತದೆ, ಅಷ್ಟೆ. ದೊಡ್ಡ ಫೈಲುಗಳನ್ನು ಬೆಳಗ್ಗೆ ಮುಗಿಸುವುದು ಇನ್ನೂ ಒಳ್ಳೆಯದು.

ಇಂಥ ಮನೆಯಲ್ಲಿ ವರ್ಷಕ್ಕೊಮ್ಮೆ ಸ್ವಚ್ಛ ಮಾಡಿದರೆ ಸಾಲದು. 81 ಎಂಬ ಅಂಕಿಯನ್ನೂ ಕೋಣೆಯ 39ನ್ನೂ ಮುಚ್ಚಳದ ಒಳಬದಿಗೆ ಚೀಟಿ ಬರೆದು ಅಂಟಿಸಿದ್ದೇವೆ, ಹುಡುಗ ಅದನ್ನು ಫೋನಿನಲ್ಲೂ ಬರೆದುಕೊಂಡಿದ್ದಾನೆ. ಎರಡು ಮೂರು ತಿಂಗಳಿಗೊಮ್ಮೆ ಅದೇ ಫೈಲ್ ತೆರೆದು ನೋಡಬೇಕು. ಕೋಣೆಯ ಬಿಸಿಯ ವ್ಯತ್ಯಾಸ ಕಳೆದ ಮೇಲೂ ಎಂಟು ಹತ್ತು ಡಿಗ್ರಿ ಹೆಚ್ಚು ಬಂದರೆ ಬುಡ ಬಿಚ್ಚಿ, ಬ್ಯಾಟರಿ ಕನೆಕ್ಟರ್ ತೆಗೆದು, ಫ್ಯಾನ್ ಮಾತ್ರ ಎತ್ತಿ ಪಟ್ಟಿ ತೆಗೆಯಬೇಕು. ಹೀಟ್‌ಸಿಂಕನ್ನು ಆಗ ಮುಟ್ಟುವ ಅಗತ್ಯವಿಲ್ಲ. ಅದನ್ನು ಎತ್ತಿದರೆ ಪೇಸ್ಟನ್ನೂ ಹೊಸದಾಗಿ ಹಾಕಬೇಕಾಗುತ್ತದೆ.