ಹೆಬ್ಬೆರಳಿಗೆ ಬಳುಕಿದ ಅಂಗಾಲು

ಕುದುರೆಗಳ ಗೊರಸು ಕತ್ತರಿಸಿ ಸರಿಮಾಡುವುದು ನನ್ನ ಕೆಲಸ. ಕಳೆದ ವಾರ ಹೊಸದಾಗಿ ಸೇರಿದ ಹುಡುಗ ಒಂದು ಕುದುರೆಯ ಮುಂಗಾಲು ಎತ್ತಿ ಹಿಡಿದು, ಗೊರಸಿನ ಅಡಿಭಾಗ ನೋಡಿ ಕೇಳಿದ: "ಸರ್, ಅಂಗಾಲು ಚಪ್ಪಟೆಯಾಗಿದೆ. ಸ್ವಲ್ಪ ಕೆತ್ತಿ ಬಟ್ಟಲು ಥರ ಮಾಡಿಬಿಡ್ಲಾ?" ನಾನು ಅವನ ಕೈ ಹಿಡಿದೆ. ಜೋರಾಗಿಯೇ ಹಿಡಿದೆ ಅಂತ ಕಾಣುತ್ತೆ, ಹುಡುಗ ಬೆಚ್ಚಿದ. ಆಮೇಲೆ ಕೂತು ಅವನಿಗೆ ಒಂದು ಕಂದು ಹೆಣ್ಣು ಕುದುರೆಯ ವಿಷಯ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ.

ವರ್ಷಗಟ್ಟಲೆ ಲಾಳ ಹಾಕಿಸಿಕೊಂಡಿದ್ದ ಕುದುರೆ ಅದು. ಲಾಳ ಕಿತ್ತು 3 ವಾರ ಆಗಿತ್ತು. ಟೋ, ಅಂದರೆ ಗೊರಸಿನ ಮುಂತುದಿ, ಉದ್ದಕ್ಕೆ ಮುಂದೆ ಓಡಿತ್ತು, ಹೀಲ್, ಅಂದರೆ ಹಿಂಭಾಗ, ಅಡಿಗೆ ಮಡಚಿಕೊಂಡಿತ್ತು, ಹೊರಬದಿಯಲ್ಲಿ ಗೊರಸಿನ ಗೋಡೆ ಹೊರಚಾಚಿ ದೊಡ್ಡ ಫ್ಲೇರ್. ಅಂಗಾಲಿನ ನಡುವಿನ ತ್ರಿಕೋನದ ಮೆತ್ತೆ, ಅಂದರೆ ಫ್ರಾಗ್, ಸಣಕಲಾಗಿ, ನಡುವಿನ ಸೀಳಿನಲ್ಲಿ ಥ್ರಶ್ ಅನ್ನುವ ಕೊಳೆಯುವ ಸೋಂಕಿನ ವಾಸನೆ. ಇಂಥ ಗೊರಸು ಕಂಡರೆ ಈ ಕೆಲಸದವರಿಗೆ ಕೈ ತುರಿಸುತ್ತೆ. ಮೇಲಿಂದ ಮ್ಯಾನೇಜರ್ ಬೇರೆ: "ಇನ್ನು 2 ವಾರದಲ್ಲಿ ಸವಾರಿ ಶುರುವಾಗಬೇಕು, ಒಂದೇ ಸಲಕ್ಕೆ ಸರಿ ಮಾಡಿ." ಲಾಳ ಬಿಟ್ಟರೆ ಖರ್ಚೂ ಉಳಿಯುತ್ತೆ, ಕೆಲಸವೂ ಉಳಿಯುತ್ತೆ ಅನ್ನುವುದು ಅವರ ಲೆಕ್ಕ. ಬರಿಗಾಲ ಕುದುರೆಗೆ 4ರಿಂದ 6 ವಾರಕ್ಕೊಮ್ಮೆ ಟ್ರಿಮ್, ಅಂದರೆ ಗೊರಸು ಕತ್ತರಿಸಿ ಸವರುವುದು, ಬೇಕು ಅಂತ ಎಷ್ಟು ಸಲ ಹೇಳಿದರೂ ಪಟ್ಟಿಯಲ್ಲಿ 10 ವಾರ ಅಂತಲೇ ಬರೆದಿರುತ್ತಿದ್ದರು.

ಆದರೆ ಚಾಕು ಹಿಡಿದಿದ್ದು ನಾನು, ಅವರಲ್ಲ.

ಮೊದಲು ಸುಣ್ಣದ ಪುಡಿಯಂಥ ಸತ್ತ ಪದರ ಬಂತು. ಅದು ಬರಬೇಕಾದದ್ದೇ, ಚಾಕು ತಾಗಿಸಿದರೆ ತಾನೇ ಉದುರುತ್ತೆ. ಅದರ ಅಡಿಯಲ್ಲಿ ಮೇಣದ ಹಾಗೆ ನುಣುಪಾದ, ಗಟ್ಟಿ ಅಂಗಾಲು ಕಂಡಿತು. ಅಲ್ಲಿಗೆ ನಿಲ್ಲಬೇಕಿತ್ತು. ನಾನು ನಿಲ್ಲಲಿಲ್ಲ. ಒಳ್ಳೆಯ ಗೊರಸಿಗೆ ಬಟ್ಟಲಿನ ಆಕಾರ ಇರುತ್ತೆ, ಹಾಗಾಗಿ ಆ ಆಕಾರ ಕೊಟ್ಟರೆ ಗೊರಸು ಒಳ್ಳೆಯದಾಗುತ್ತೆ ಅಂತ ನನ್ನ ತಲೆಯಲ್ಲಿ ಕೂತಿತ್ತು. ಟೋ ಹತ್ತಿರ ಫ್ರಾಗ್ ಮುಂದೆ ಒಂದು ದಪ್ಪ ದಿಂಡು ಇತ್ತು. ಒಳಗಿನ ಮೂಳೆಯ ತುದಿಗೆ ಅದೇ ಕಾವಲು. ಅದನ್ನೂ ತೆಳ್ಳಗೆ ಸೀಳಿ ತೆಗೆದೆ. ಬಿಲ್ಲೆ ಬಿಲ್ಲೆಯಾಗಿ, ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ ಕೈ ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಎಡ ಮುಂಗಾಲು ಮುಗಿಸುವಾಗ ಟೋ ಬಳಿ, ಗೋಡೆಯೂ ಅಂಗಾಲೂ ಸೇರುವ ವೈಟ್ ಲೈನ್ ಪಕ್ಕ ಒಂದು ನಸುಗೆಂಪು ಛಾಯೆ ಕಂಡಿತು. ಹೆಬ್ಬೆರಳಿಟ್ಟು ಒತ್ತಿದೆ. ಅಂಗಾಲು ಬಳುಕಿತು. ಹೆಚ್ಚೇನಲ್ಲ, ಬೆರಳ ಕೆಳಗೆ ದಪ್ಪ ರಟ್ಟು ಬಗ್ಗಿದಷ್ಟು. ನನ್ನ ಹೊಟ್ಟೆಯಲ್ಲಿ ಏನೋ ಕಲಕಿದ ಹಾಗಾಯಿತು. ಇನ್ನೊಂದು ಸಲ ಒತ್ತಿ ನೋಡಲು ಧೈರ್ಯ ಬರಲಿಲ್ಲ. ಸುಮ್ನೆ ಕಾಲು ಕೆಳಗಿಟ್ಟೆ.

ಕುದುರೆ ಆ ಕಾಲಿಗೆ ಭಾರ ಹಾಕಿತು, ತಕ್ಷಣ ಎತ್ತಿಕೊಂಡಿತು. ಮತ್ತೆ ಇಟ್ಟಿತು. ಕಾಂಕ್ರೀಟ್ ಮೇಲೆ ಹೇಗೋ ನಡೆಯಿತು. ಲಾಯದ ಹೊರಗೆ ಜಲ್ಲಿ ಶುರುವಾಗುವ ಕಡೆ ಬಂದು ನಿಂತೇಬಿಟ್ಟಿತು. ಕಿವಿ ಹಿಂದಕ್ಕೆ, ಕತ್ತು ಕೆಳಗೆ. ಆಗ ಲಾಯದಲ್ಲಿದ್ದ ಬೇರೊಬ್ಬ ಹುಡುಗ ಹಗ್ಗ ಎಳೆದ. ಬರಲಿಲ್ಲ. "ಅಣ್ಣ, ಯಾಕೋ ನೋವು ಇದೆ ಅನ್ಸುತ್ತೆ" ಅಂದ. ಅವನಿಗೆ ಆಗ ಕೆಲಸಕ್ಕೆ ಬಂದು ಒಂದು ತಿಂಗಳೂ ಆಗಿರಲಿಲ್ಲ. ನಾನು ಹೇಳಿದ್ದು ಇದು: "ಲಾಳ ಬಿಟ್ಟ ಮೇಲೆ ಹೀಗೇ. ಅಭ್ಯಾಸ ಆಗುತ್ತೆ ಬಿಡು."

ಈ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಕತ್ತರಿಸಿದ್ದು ತಪ್ಪು ಅಂದಾಜಿನಿಂದ. ಈ ಮಾತು ಹಾಗಲ್ಲ. ಗೊತ್ತಿದ್ದೂ ಆಡಿದ್ದು. ಆಗಲೇ ಬಾಯಿಬಿಟ್ಟಿದ್ದರೆ ಪ್ಯಾಡ್ ಹಾಕಿ ಬೂಟ್ ತೊಡಿಸಿ ಮೆತ್ತನೆ ನೆಲದಲ್ಲಿ ನಿಲ್ಲಿಸಬಹುದಿತ್ತು. ಬದಲಿಗೆ ಅದು 2 ದಿನ ಗಟ್ಟಿ ನೆಲದಲ್ಲೇ ನಿಂತಿತು.

3ನೇ ದಿನ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ಎಡಗಾಲ ತುದಿ ಮಾತ್ರ ನೆಲಕ್ಕೆ ತಾಗಿಸಿ ನಿಂತಿದೆ. ಗೊರಸು ಮುಟ್ಟಿದರೆ ಬಿಸಿ. ಗೆಣ್ಣಿನ ಹಿಂಬದಿಯಲ್ಲಿ ಪಲ್ಸ್ ಹುಡುಕಲೇ ಬೇಕಾಗಲಿಲ್ಲ. ಆರೋಗ್ಯವಾಗಿರುವ ಕುದುರೆಯಲ್ಲಿ ಎಷ್ಟು ತಡಕಿದರೂ ಸರಿಯಾಗಿ ಸಿಗದ ಪಲ್ಸ್ ಅದು, ಅವತ್ತು ಬೆರಳನ್ನು ಎತ್ತಿ ಎತ್ತಿ ಹಾಕುತ್ತಿತ್ತು. ನನಗೆ ಕೆಲಸ ಕಲಿಸಿದ ಹಿರಿಯರಿಗೆ ಫೋನ್ ಮಾಡಿದೆ. ಅವರು ಪಲ್ಸ್ ಬಗ್ಗೆ ಕೇಳಲಿಲ್ಲ, ಬಿಸಿ ಬಗ್ಗೆ ಕೇಳಲಿಲ್ಲ. "ಅಂಗಾಲು ಎಷ್ಟು ತೆಗೆದೆ?" ಅಂದರು. ನಾನು ಸುಮ್ಮನಿದ್ದೆ. "ಹೂಂ. ಡಾಕ್ಟರನ್ನು ಕರೆಸಪ್ಪ, ನಡೆದದ್ದನ್ನು ಮುಚ್ಚಿಡದೆ ಹೇಳು" ಅಂದು ಫೋನ್ ಇಟ್ಟರು.

ಎಕ್ಸ್‌ರೇಯಲ್ಲಿ ಮೂಳೆಯ ತುದಿಗೂ ನೆಲಕ್ಕೂ ನಡುವೆ ಉಳಿದಿದ್ದ ಅಂಗಾಲು 7 ಮಿಲಿಮೀಟರ್. ಕಮ್ಮಿ ಅಂದರೂ 15 ಇರಬೇಕು. ಲಾಳದಲ್ಲಿದ್ದಾಗಲೇ ಅದು ತೆಳುವಾಗಿತ್ತು, ಚಪ್ಪಟೆ ಕಾಣುತ್ತಿದ್ದದ್ದೂ ಅದಕ್ಕೇ. ಮೂಳೆಯನ್ನು ಹಿಡಿದಿಡುವ ಗೋಡೆ ಸಡಿಲವಾಗಿ ಮೂಳೆಯೇ ಕೆಳಗಿಳಿದಿತ್ತು. ಬಟ್ಟಲು ಬೇಕು ಅಂದರೆ ಮೇಲಿಂದ ಬಿಗಿಯಾದ ಗೋಡೆ ಬೆಳೆದು ಮೂಳೆ ಮೇಲೇರಬೇಕು. ನಾನು ಕೆಳಗಿನಿಂದ ಕೆತ್ತಿ ಆ ಆಕಾರ ತರಲು ಹೋಗಿದ್ದೆ.

ಒಳಗೆ ಆ್ಯಬ್ಸೆಸ್, ಅಂದರೆ ಕೀವು, ಕಟ್ಟಿತ್ತು. ಬಿಸಿನೀರು, ಕೀವು ಎಳೆಯುವ ಪೋಲ್ಟೀಸ್ ಪಟ್ಟು, ಬ್ಯಾಂಡೇಜ್ ನಡೆದವು. 4 ದಿನದ ಮೇಲೆ ಕೀವು ಅಂಗಾಲಿನಲ್ಲಿ ದಾರಿ ಸಿಗದೆ ಮೇಲೆ ಹತ್ತಿ, ಗೊರಸು ಕೂದಲಿಗೆ ಸೇರುವ ಗೆರೆಯಲ್ಲಿ ಒಡೆಯಿತು. ಅವತ್ತು ಸಂಜೆಯೇ ಕುದುರೆ ಕಾಲೂರಿತು.

ಒಡೆದ ಜಾಗದಲ್ಲಿ ಒಂದು ಅಡ್ಡ ಸೀಳು ಉಳಿಯಿತು, ಉಗುರಿನಗಲದ್ದು. ಮುಂಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತೆ. ಅಂದರೆ ಆ ಸೀಳು ಕೂದಲ ಗೆರೆಯಿಂದ ನೆಲಕ್ಕೆ ಬರಲು ಹತ್ತಿರ ಹತ್ತಿರ ಒಂದು ವರ್ಷ. ಪ್ರತಿ ಸಲ ಟ್ರಿಮ್‌ಗೆ ಹೋದಾಗ ಮೊದಲು ಅದರ ಮೇಲೆ ಬೆರಳಾಡಿಸುತ್ತಿದ್ದೆ.

ಆ ವರ್ಷವಿಡೀ ಅಂಗಾಲಿಗೆ ಚಾಕು ತಾಗಿಸಲಿಲ್ಲ. 4 ವಾರಕ್ಕೊಮ್ಮೆ ಗೋಡೆಯ ಅಂಚನ್ನು ಹೊರಗಿನಿಂದ ಉರುಟಾಗಿಸಿ ಮಸ್ಟ್ಯಾಂಗ್ ರೋಲ್ ಕೊಡುತ್ತಿದ್ದೆ, ಫ್ಲೇರ್ ಮೇಲೆ ಎಳೆತ ಬೀಳದಿರಲಿ ಅಂತ. ಹೀಲ್ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ. ಫ್ರಾಗ್‌ನಲ್ಲಿ ಜೋತುಬಿದ್ದ ಚೂರು ಬಿಟ್ಟರೆ ಬೇರೇನೂ ತೆಗೆಯುತ್ತಿರಲಿಲ್ಲ. ಬೂಟ್ ಹಾಕಿ ದಿನಾ 20 ನಿಮಿಷ ಕೈಯಲ್ಲಿ ಹಿಡಿದು ನಡೆಸುವುದು, ಹೀಲ್ ಮೊದಲು ಊರುತ್ತಿದೆಯಾ ಟೋ ಮೊದಲಾ ಅಂತ ಬಗ್ಗಿ ನೋಡುವುದು. ಕಾಳು ಕಮ್ಮಿ ಮಾಡಿಸಲು ಮ್ಯಾನೇಜರ್ ಜೊತೆ 2 ತಿಂಗಳು ಜಗಳವಾಡಬೇಕಾಯಿತು. ಗೊರಸಿಗೂ ಹೊಟ್ಟೆಗೂ ಏನು ಸಂಬಂಧ ಅಂದರು. ಸಕ್ಕರೆ, ಪಿಷ್ಟ ಜಾಸ್ತಿಯಾದರೆ ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ, ಬರುವುದು ಗೊರಸಿಗೇ ಅಲ್ವಾ? ಮೊಂಡು ರಾಸ್ಪ್, ಅಂದರೆ ಗೊರಸು ಉಜ್ಜುವ ಅರ, ಬದಲಾಯಿಸಿ ಅಂತ ಬರೆದುಕೊಟ್ಟದ್ದಕ್ಕೂ ಉತ್ತರ ಬರಲಿಲ್ಲ. ಮೊಂಡು ರಾಸ್ಪ್‌ನಲ್ಲಿ 2 ಎಳೆತದ ಕೆಲಸಕ್ಕೆ 10 ಎಳೆಯಬೇಕು. ಅಷ್ಟು ಹೊತ್ತೂ ನೋವಿನ ಕುದುರೆ ಉಳಿದ ಮೂರು ಕಾಲಲ್ಲೇ ನಿಂತಿರಬೇಕು. ಕೊನೆಗೆ ನಾನೇ ಕೊಂಡುಕೊಂಡೆ.

ರಿಜಿಸ್ಟರ್‌ನಲ್ಲಿ ದಿನಾಂಕ ಮತ್ತು "ಆಯಿತು" ಅನ್ನುವುದಕ್ಕೆ ಮಾತ್ರ ಜಾಗ ಇತ್ತು. ಈಗ ಪ್ರತಿ ಕಾಲಿಗೂ ಅಂಗಾಲಿನದು, ಪಕ್ಕದ್ದು, ಹಿಂದಿನದು ಅಂತ 3 ಫೋಟೋ ತೆಗೆದಿಟ್ಟುಕೊಳ್ಳುತ್ತೇನೆ. ಚಾಕು ಹೊರಗೆ ತೆಗೆಯುವ ಮೊದಲೇ. ಒತ್ತಿ ನೋಡುವುದೂ ಮೊದಲೇ.

11ನೇ ತಿಂಗಳಲ್ಲಿ ಸೀಳು ನೆಲ ಮುಟ್ಟಿತು. ರಾಸ್ಪ್ ಮೂರು ಸಲ ಎಳೆದೆ, ಪುಡಿಯಾಗಿ ನನ್ನ ಬೂಟಿನ ಮೇಲೆ ಉದುರಿತು.

ಇದನ್ನೆಲ್ಲ ಕೇಳಿದ ಹುಡುಗ, "ಸರ್, ಆ ಕುದುರೆ ಈಗ ಎಲ್ಲಿದೆ?" ಅಂದ. ಸಾಲಿನ ಕೊನೆಗೆ ಕರೆದುಕೊಂಡು ಹೋದೆ. ಎಡ ಮುಂಗಾಲು ಎತ್ತಿಸಿದೆ. ಅಂಗಾಲು ಬಟ್ಟಲಿನ ಹಾಗೆ ಒಳಗೆ ಬಾಗಿತ್ತು, ಯಾರೂ ಕೆತ್ತಿದ್ದಲ್ಲ. "ಒತ್ತು" ಅಂದೆ. ಎರಡೂ ಹೆಬ್ಬೆರಳಿಟ್ಟು, ಉಗುರು ಬೆಳ್ಳಗಾಗುವ ತನಕ ಒತ್ತಿದ. ಕುದುರೆ ಹುಲ್ಲು ಮೆಲ್ಲುತ್ತಾ ನಿಂತಿತ್ತು.