ಲೈನ್ ಮನೆ ಬಾಗಿಲಲ್ಲಿ ಪೌರತ್ವದ ಪ್ರಶ್ನೆ

ಅರೇಬಿಕಾ ಕಾಫಿ ಹಣ್ಣಾಗುವ ನವೆಂಬರ್‌ನಿಂದ ರೋಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ, ಹೊರರಾಜ್ಯದವರೇ ಹೆಚ್ಚು. ಬಂಗಾಳದವರಿರಲಿ, ಜಾರ್ಖಂಡಿನವರಿರಲಿ, ಊರಿನ ಬಾಯಲ್ಲಿ ಎಲ್ಲರೂ 'ಅಸ್ಸಾಮಿನವರು'. ಕೊಯ್ಲು ಶುರುವಾಗುತ್ತಿದ್ದಂತೆ ಇನ್ನೊಂದು ಮಾತೂ ಶುರುವಾಗುತ್ತದೆ: ಇವರಲ್ಲಿ ಬಾಂಗ್ಲಾದವರು ಎಷ್ಟು ಮಂದಿ?

ತೋಟದ ಲೆಕ್ಕ, ಹಾಜರಿ ಬರೆಯುವ ರೈಟರ್ ಕೇಳಬೇಕಾದ ಪ್ರಶ್ನೆ 'ನೀನು ಯಾರು' ಅನ್ನುವುದು. ಹೆಸರು, ಊರು, ವಯಸ್ಸು, ಮನೆಯವರ ಫೋನ್ ನಂಬರ್, ಕರೆತಂದ ಮೇಸ್ತ್ರಿ ಯಾರು, ಇಷ್ಟನ್ನು ಕೇಳಿ ಬರೆದಿಟ್ಟುಕೊಳ್ಳಲೇಬೇಕು. 'ನೀನು ಈ ದೇಶದವನಾ' ಎಂದು ತೀರ್ಮಾನಿಸುವ ಅಧಿಕಾರ ರೈಟರಿಗೂ ಇಲ್ಲ, ಸಾಹುಕಾರರಿಗೂ ಇಲ್ಲ, ಊರಿನ ಯುವಕರ ಗುಂಪಿಗಂತೂ ಇಲ್ಲವೇ ಇಲ್ಲ.

ಎಲ್ಲರೂ ಮೊದಲು ಕೇಳುವುದು ಆಧಾರ್. ಆದರೆ ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹೇಳುತ್ತದೆ. ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಯೂ ಅದನ್ನು ಪಡೆಯಬಹುದು. ಹಾಗಾಗಿ ಆಧಾರ್ ಇದೆ ಎಂದ ಮಾತ್ರಕ್ಕೆ ಭಾರತೀಯ ಅಲ್ಲ, ಇಲ್ಲ ಎಂದ ಮಾತ್ರಕ್ಕೆ ವಿದೇಶಿಯೂ ಅಲ್ಲ. ಗುರುತಿನ ಮಟ್ಟಿಗೆ ಅದು ಚೆನ್ನಾಗಿಯೇ ಕೆಲಸಕ್ಕೆ ಬರುತ್ತದೆ, ಆದರೆ ಬರೀ ಜೆರಾಕ್ಸ್ ಇಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ. ಕಾರ್ಡಿನ ಕ್ಯೂಆರ್ ಕೋಡನ್ನು ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಸ್ಕ್ಯಾನರ್‌ನಲ್ಲಿ ಓದಿಸಿ, ಪರದೆಯಲ್ಲಿ ಬರುವ ಹೆಸರು, ಫೋಟೊ ಕಾರ್ಡಿನದಕ್ಕೆ ಹೊಂದುತ್ತದೆಯೇ ನೋಡಿ. ನಕಲಿ ಕಾರ್ಡು ಸಿಕ್ಕಿಬೀಳುವುದು ಇಲ್ಲೇ. ಫೈಲಿಗೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಾಕು. ಒರಿಜಿನಲ್ ಕಾರ್ಡನ್ನು ಆಫೀಸಿನ ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಅಡ್ವಾನ್ಸ್ ಕೊಟ್ಟು ಕಾರ್ಡು ಹಿಡಿದಿಟ್ಟರೆ ವಿಷಯ 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯವರೆಗೂ ಹೋಗಬಹುದು.

ಹೆಚ್ಚಿನ ಅನುಮಾನ ಹುಟ್ಟುವುದು ಹೆಸರಿನಲ್ಲಿ. ಒಂದು ಕಾರ್ಡಿನಲ್ಲಿ 'ಶೇಖ್', ಇನ್ನೊಂದರಲ್ಲಿ 'ಸೇಖ್', ಮತ್ತೊಂದರಲ್ಲಿ ಬರೀ 'ಎಸ್‌ಕೆ'. ಮದುವೆಗೆ ಮೊದಲು 'ಖಾತೂನ್' ಆಗಿದ್ದವಳು ಆಮೇಲೆ 'ಬೀಬಿ' ಅಥವಾ 'ಬೇಗಂ'. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜನವರಿ 1. ನಮ್ಮಲ್ಲೂ ಮನೆಹೆಸರು ಒಂದು ಕಾಗದದಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬರುವುದಿಲ್ಲವೇ? ವ್ಯತ್ಯಾಸ ಕಂಡರೆ ಎರಡೂ ಹೆಸರನ್ನು ಹಾಜರಿ, ಕೂಲಿ ಬರೆಯುವ ಚೆಕ್ ರೋಲ್‌ನಲ್ಲಿ ಬರೆದು, ಯಾವುದು ಯಾವ ದಾಖಲೆಯಲ್ಲಿದೆ ಎಂದು ಪಕ್ಕದಲ್ಲೇ ನಮೂದಿಸಿ. ವೋಟರ್ ಕಾರ್ಡ್ ಇದ್ದರೆ ಅದರ ನಂಬರನ್ನು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಹಾಕಿದರೆ ಊರು, ಮತಗಟ್ಟೆ ಸಮೇತ ಬರುತ್ತದೆ. ಆಡುವ ಭಾಷೆಯಿಂದ ಏನೂ ತಿಳಿಯುವುದಿಲ್ಲ. ಬಂಗಾಳಿ ಪಶ್ಚಿಮ ಬಂಗಾಳದ್ದು, ತ್ರಿಪುರಾದ್ದು, ಅಸ್ಸಾಮಿನ ಬರಾಕ್ ಕಣಿವೆಯದ್ದೂ ಹೌದು.

ಇನ್ನು ಪೊಲೀಸರು. 1946ರ ವಿದೇಶಿಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ದಾಖಲೆಯಿಲ್ಲದೆ ಒಳಬಂದರೆ 5 ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಾನು ವಿದೇಶಿಯಲ್ಲ ಎಂದು ತೋರಿಸುವ ಭಾರ ಆ ವ್ಯಕ್ತಿಯ ಮೇಲೇ ಇದೆ. ಇದನ್ನೇ ಹಿಡಿದುಕೊಂಡು ಯಾರನ್ನು ಬೇಕಾದರೂ ನಿಲ್ಲಿಸಿ 'ಸಾಬೀತು ಮಾಡು' ಅನ್ನಬಹುದೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ. ಹಳೆಯ ಕಾಯ್ದೆಯಲ್ಲೂ ಈ ನಿಯಮ ಇತ್ತು. ಅದರ ಬಗ್ಗೆ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ, ರಹೀಂ ಅಲಿ ಪ್ರಕರಣದಲ್ಲಿ, ಅನುಮಾನಕ್ಕೆ ಏನಾದರೂ ಆಧಾರ ಅಧಿಕಾರಿಯ ಕೈಯಲ್ಲಿ ಮೊದಲು ಇರಬೇಕು, ಸುಮ್ಮನೆ ಯಾರನ್ನೋ ಆರಿಸಿ ವಿದೇಶಿ ಎನ್ನುವಂತಿಲ್ಲ ಎಂದಿದೆ.

ತನಿಖೆಯ ಸಾಕ್ಷಿಯಾಗಿ ಠಾಣೆಗೆ ಕರೆಯುವುದಾದರೆ ಲಿಖಿತ ನೋಟಿಸ್ ಬೇಕು. ಹೆಂಗಸರನ್ನು, 15 ದಾಟದ ಹುಡುಗರನ್ನು, 60 ದಾಟಿದ ಗಂಡಸರನ್ನು ಹಾಗೆ ಕರೆಸುವಂತಿಲ್ಲ, ಅವರಿದ್ದಲ್ಲಿಗೇ ಬಂದು ಕೇಳಬೇಕು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಇದು. ಬಂಧಿಸಿದರೆ ಕಾರಣ ತಿಳಿಸಿ, ಮನೆಯವರಿಗೆ ಸುದ್ದಿ ಮುಟ್ಟಿಸಿ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ತೋಟದವರಿಗೆ ನಿಜವಾಗಿಯೂ ಅನುಮಾನವಿದ್ದರೆ ಠಾಣೆಗೆ ಬರೆದು ತಿಳಿಸುವುದು ಸರಿ. ಲೈನಿಗೆ ಹೊರಗಿನಿಂದ ಬೀಗ ಹಾಕಿ 'ಪೊಲೀಸರು ಬರಲಿ' ಎಂದು ಕಾಯುವುದು ಅಕ್ರಮ ಬಂಧನ. ಆಗ ಕೇಸು ಬೀಗ ಹಾಕಿದವರ ಮೇಲೆ ಬೀಳುತ್ತದೆ.

ಅಮೆರಿಕದಲ್ಲಿರುವ ಮಕ್ಕಳನ್ನು ಕೇಳಿ ನೋಡಿ. ಅಲ್ಲಿ ಹೊಸ ಕೆಲಸಗಾರನ ಗುರುತು, ದುಡಿಯುವ ಹಕ್ಕು ತೋರಿಸುವ ದಾಖಲೆಯನ್ನು 3 ಕೆಲಸದ ದಿನಗಳೊಳಗೆ ನೋಡಿ ಐ-9 ಫಾರಂ ತುಂಬಲೇಬೇಕು. ಆದರೆ ಪಟ್ಟಿಯಲ್ಲಿರುವ ಯಾವ ದಾಖಲೆ ತೋರಿಸಬೇಕು ಎಂಬ ಆಯ್ಕೆ ಕೆಲಸಗಾರನದ್ದು. ನಮ್ಮಲ್ಲಿ ಅಂಥ ಫಾರಂ ಇಲ್ಲ, ಅದಕ್ಕೇ ಒಂದೊಂದು ತೋಟಕ್ಕೆ ಒಂದೊಂದು ಪದ್ಧತಿ.

ಎರಡು ವಿಷಯ ಇಲ್ಲಿನವರಿಗೆ ವಿಶೇಷವಾಗಿ ಗೊತ್ತಿರಬೇಕು. ನೇಪಾಳದ ವಾಚ್‌ಮನ್‌ಗೆ ವೀಸಾ ಬೇಕಿಲ್ಲ, 1950ರ ಒಪ್ಪಂದದಂತೆ ಇಲ್ಲಿ ನೆಲೆಸಿ ದುಡಿಯಬಹುದು. ಅವರ ದೇಶದ ನಾಗರಿಕತಾ ಪತ್ರದ ಪ್ರತಿ ಇಟ್ಟುಕೊಳ್ಳಿ. ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ನೆಲೆಯಿಂದ ಕುಶಾಲನಗರಕ್ಕೆ ಕೆಲಸಕ್ಕೆ ಬರುವ ಟಿಬೆಟಿನವರ ಬಳಿ ನೋಂದಣಿ ಪತ್ರ ಇರುತ್ತದೆ, ಅದರ ಅವಧಿ ನೋಡಿದರಾಯಿತು.

ಕೂಲಿಯ ಲೆಕ್ಕ ಇದಕ್ಕೆಲ್ಲ ಹೊರತು. ಕಾಗದ ಸರಿಯಿಲ್ಲ ಎಂದು ಯಾರನ್ನಾದರೂ ಕಳಿಸಿದರೆ, ಅಲ್ಲಿಯವರೆಗೆ ಕೊಯ್ದು ತೂಗಿದ ಹಣ್ಣಿನ ಕೂಲಿಯನ್ನು ಎರಡು ಕೆಲಸದ ದಿನಗಳೊಳಗೆ ಕೊಟ್ಟು ಮುಗಿಸಬೇಕು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಹೇಳುವುದು ಹಾಗೆ. ಕೊಟ್ಟದ್ದಕ್ಕೆ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡು, ಚೆಕ್ ರೋಲ್‌ನಲ್ಲಿ ಆ ಹೆಸರಿನ ಮುಂದೆ ತಾರೀಕು ಬರೆದಿಡಿ.