ಉದ್ಯಮದ ಒಲವು ಅಳೆಯುವ ಪ್ರಶ್ನಾವಳಿ ಕನ್ನಡಕ್ಕೆ: ಪ್ರಗತಿ ಟಿಪ್ಪಣಿ 3

ಫ್ರಾನ್ಸಿಸ್ಕೊ ಲಿನ್ಯಾನ್ ಮತ್ತು ಯಿ-ವೆನ್ ಚೆನ್ 2009ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯ 20 ವಾಕ್ಯಗಳ ಕರಡು ಅನುವಾದ ಮುಗಿದಿದೆ. ಒಲವಿಗೆ 5, ಆಪ್ತರ ಅಭಿಪ್ರಾಯಕ್ಕೆ 3, 'ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ 6, ಉದ್ದೇಶಕ್ಕೆ 6. ಅಳತೆ 1ರಿಂದ (ಖಂಡಿತ ಒಪ್ಪುವುದಿಲ್ಲ) 7ರವರೆಗೆ (ಪೂರ್ತಿ ಒಪ್ಪುತ್ತೇನೆ). ಮೂಲ ಅಧ್ಯಯನ ಸ್ಪೇನ್ ಮತ್ತು ತೈವಾನ್ ವಿದ್ಯಾರ್ಥಿಗಳ ಮೇಲೆ ನಡೆದದ್ದು. ಎರಡನ್ನೂ ಕೂಡಿಸಿ ನೋಡಿದಾಗ ಆಪ್ತರ ಅಭಿಪ್ರಾಯ ಉದ್ದೇಶವನ್ನು ನೇರವಾಗಿ ಪ್ರಭಾವಿಸದೆ, ಒಲವು ಮತ್ತು ನಂಬಿಕೆಯ ಮೂಲಕ ಕೆಲಸ ಮಾಡಿತ್ತು.

ಈ ವಾರ ಪದಗಳ ತಿದ್ದುಪಡಿ. 'ಉದ್ಯಮಿ'ಗೂ 'ಉದ್ಯೋಗಿ'ಗೂ ಅಂತರ ತೀರಾ ಕಡಿಮೆ. ಅವಸರದಲ್ಲಿ ಓದಿದರೆ ಉತ್ತರ ತಲೆಕೆಳಗು. ಹಾಗಾಗಿ ಎಲ್ಲ ಕಡೆ 'ಸ್ವಂತ ಬಿಸಿನೆಸ್ ಶುರು ಮಾಡುವುದು' ಎಂದು ಬರೆದಿದೆ. 'ಏನು ಬೇಕಾದರೂ ಮಾಡಲು ಸಿದ್ಧ' ಎಂಬ ವಾಕ್ಯದಲ್ಲಿ ಅಡ್ಡದಾರಿಯ ವಾಸನೆ ಇದೆ, ಮೂಲದಲ್ಲಿ ಅದಿಲ್ಲ. ಈಗ: 'ಎಷ್ಟೇ ಕಷ್ಟವಾದರೂ ಸರಿ, ಸಿದ್ಧ.'

ಹೆಚ್ಚು ಹೊತ್ತು ಹಿಡಿದದ್ದು ಆಪ್ತರ ಅಭಿಪ್ರಾಯದ ವಾಕ್ಯಗಳಲ್ಲಿ ಬರುವ 'ಒಪ್ಪುತ್ತಾರೆ'. ಕನ್ನಡದಲ್ಲಿ ಮೆಚ್ಚುವುದೂ ಒಪ್ಪುವುದೇ, ಅನುಮತಿ ಕೊಡುವುದೂ ಒಪ್ಪುವುದೇ. ಅಪ್ಪ ಬೇಡವೆಂದರೆ ದುಡ್ಡೂ ಇಲ್ಲ, ಜಾಗವೂ ಇಲ್ಲ ಎನ್ನುವ ಮನೆಯಲ್ಲಿ ಈ ಎರಡು ಅರ್ಥ ಬೆರೆತರೆ ಅಳೆದದ್ದು ಏನೆಂದೇ ತಿಳಿಯದು. ಇಲ್ಲಿ 'ಒಳ್ಳೆಯ ನಿರ್ಧಾರ ಎನ್ನುತ್ತಾರೆ' ಎಂದು ಬಿಡಿಸಿದೆ. ಅನುಮತಿಯ ಪ್ರಶ್ನೆಯನ್ನು ತಂದೆಗೊಂದು, ತಾಯಿಗೊಂದು ಕೊನೆಯಲ್ಲಿ ಸೇರಿಸಿದೆ. ಮೂಲದ 3 ವಾಕ್ಯಗಳ ನಡುವೆ ಇವನ್ನು ತೂರಿಸಬಾರದು, ಹೋಲಿಕೆ ಕೆಡುತ್ತದೆ. ಮನೆಯ ಅಂಗಡಿ ನೋಡಿಕೊಳ್ಳುವವರನ್ನೂ ಹೊಸದು ಕಟ್ಟುವವರನ್ನೂ ಬೇರೆ ಮಾಡಲು ಇನ್ನೊಂದು ಪ್ರಶ್ನೆ ಇದೆ. ಸ್ವಿಟ್ಜರ್ಲೆಂಡಿನ ಸೇಂಟ್ ಗ್ಯಾಲನ್ ವಿಶ್ವವಿದ್ಯಾಲಯ 2003ರಲ್ಲಿ ಶುರು ಮಾಡಿದ ಅಂತರರಾಷ್ಟ್ರೀಯ ವಿದ್ಯಾರ್ಥಿ ಸಮೀಕ್ಷೆಯೂ ಈ ಇಬ್ಬರನ್ನು ಬೇರೆಯಾಗಿಯೇ ಕೇಳುತ್ತದೆ.

ಮುಂದೆ ಮರು ಅನುವಾದ: ಮೂಲ ನೋಡದವರೊಬ್ಬರು ಕನ್ನಡದಿಂದ ಇಂಗ್ಲಿಷಿಗೆ ತರಬೇಕು. ಆಮೇಲೆ 8–10 ವಿದ್ಯಾರ್ಥಿಗಳು ಪ್ರತಿ ವಾಕ್ಯ ಓದಿ ತಮಗೆ ಅರ್ಥವಾದದ್ದನ್ನು ಬಾಯಲ್ಲಿ ಹೇಳಬೇಕು. ಪ್ರಶ್ನಾವಳಿ ತುಂಬುವಾಗ ಮೇಷ್ಟ್ರು ಎದುರಿಗೆ ನಿಂತರೆ 6, 7ಕ್ಕೇ ಗುರುತು ಬೀಳುತ್ತದೆ. ಹಾಳೆಯಲ್ಲಿ ಹೆಸರು, ರೋಲ್ ನಂಬರ್ ಬೇಡ, ತುಂಬಿದ್ದನ್ನು ಮುಚ್ಚಿದ ಡಬ್ಬಿಗೆ ಹಾಕಿಸಬೇಕು.

ನಂತರ ಕನ್ನಡ ಮಾಧ್ಯಮ, ಇಂಗ್ಲಿಷ್ ಮಾಧ್ಯಮದಿಂದ ತಲಾ 200 ಜನ. ಸರಾಸರಿ ಹೋಲಿಸುವ ಆತುರ ಬೇಡ, ಎರಡೂ ಗುಂಪಿನಲ್ಲಿ ಪ್ರಶ್ನಾವಳಿ ಒಂದನ್ನೇ ಅಳೆಯುತ್ತಿದೆಯೇ ಎಂದು ನೋಡಬೇಕು. ಮೊದಲು ಎರಡೂ ಗುಂಪಿನಲ್ಲಿ ಅದೇ ನಾಲ್ಕು ಅಂಶಗಳು (ಒಲವು, ಆಪ್ತರ ಅಭಿಪ್ರಾಯ, ನಂಬಿಕೆ, ಉದ್ದೇಶ) ನಿಲ್ಲಬೇಕು, ಬಳಿಕ ಫ್ಯಾಕ್ಟರ್ ಲೋಡಿಂಗ್ (ಪ್ರತಿ ವಾಕ್ಯ ತನ್ನ ಅಂಶಕ್ಕೆ ಎಷ್ಟು ಗಟ್ಟಿಯಾಗಿ ಅಂಟಿದೆ ಎಂಬ ಅಳತೆ) ಸಮವಾಗಬೇಕು, ಕೊನೆಗೆ ಅಂಶದ ಮಟ್ಟ ಒಂದೇ ಇದ್ದಾಗ ವಾಕ್ಯಕ್ಕೆ ಬೀಳುವ ಅಂಕ, ಅಂದರೆ ಇಂಟರ್‌ಸೆಪ್ಟ್. ಯಾವ ಹಂತದಲ್ಲಾದರೂ, ಲೆಕ್ಕದ ಮಾದರಿ ಬಂದ ಉತ್ತರಗಳಿಗೆ ಎಷ್ಟು ಹೊಂದುತ್ತದೆಂದು ತೋರುವ ಸಿಎಫ್‌ಐ 0.01ಕ್ಕಿಂತ ಹೆಚ್ಚು ಇಳಿದರೆ ಅಲ್ಲೇ ನಿಂತು, ಕೈಕೊಟ್ಟ ವಾಕ್ಯ ಯಾವುದೆಂದು ಹುಡುಕಬೇಕು. 'ಒಳ್ಳೆಯ ನಿರ್ಧಾರ ಎನ್ನುತ್ತಾರೆ' ಎಂಬುದರ ಮೇಲೆಯೇ ಮೊದಲ ಅನುಮಾನ.